ಅಂಟಾರ್ಕ್ಟಿಕಾದಲ್ಲಿ ಚಳಿಗಾಲ ಪೂರ್ತಿ ಇರೋಕೆ ಮೈಯನ್ನ ಹೇಗೆ ಒಗ್ಗಿಸ್ಕೊಳ್ಳೋದು?

ದಿನಾ ತಣ್ಣೀರು ಸ್ನಾನ ಮಾಡ್ತಿದೀನಿ ಸಾಕಾ ಅಂತ ಕೇಳಿದೀರಲ್ಲ, ನಾನೂ ಹೊರಡೋ ಮುಂಚೆ ಮೂರು ತಿಂಗಳು ಇದನ್ನೇ ಮಾಡಿದ್ದೆ. ಏನೂ ಉಪಯೋಗಕ್ಕೆ ಬರ್ಲಿಲ್ಲ. ಬಿಟ್ಬಿಡಿ.

ನಾನು ಅಂಟಾರ್ಕ್ಟಿಕಾದಲ್ಲಿರೋ ಭಾರತದ ಸಂಶೋಧನಾ ಸ್ಟೇಷನ್ ಮೈತ್ರಿಲಿ ಒಂದು ಚಳಿಗಾಲ ಇದ್ದೆ, ಭೂಮಿಯ ಕಾಂತಕ್ಷೇತ್ರ ಅಳೆಯೋ ಕೆಲಸ. 1989ರಿಂದ ನಡೀತಿರೋ ಸ್ಟೇಷನ್ನು, ಒಳಗೆ ಬೆಚ್ಚಗೇ ಇರುತ್ತೆ, ನೀರು ಪಕ್ಕದ ಪ್ರಿಯದರ್ಶಿನಿ ಕೆರೆಯಿಂದ ಬರುತ್ತೆ, ಆ ಚಿಂತೆ ಬೇಡ. ನಾನು ಮಾಡಿದ ತಪ್ಪು ಕೇಳಿ. ಥರ್ಮಲ್ (ಚಳಿಗೆ ಅಂತ ಒಳಗೆ ಹಾಕೋ ಬಟ್ಟೆ) ಹಾಕಿದ್ರೆ ಮೈ ಕಡಿತ ಅಂತ ಒಳಗೆ ಮನೆಯಿಂದ ತಂದಿದ್ದ ಕಾಟನ್ ಬನಿಯನ್ ಹಾಕ್ಕೊಂಡೆ. ಹೊರಡೋ ಮುಂಚೆ ಉತ್ತರಾಖಂಡದ ಔಲಿಯಲ್ಲಿ ಟ್ರೈನಿಂಗ್ ಕೊಡುವಾಗ ಐಟಿಬಿಪಿಯವರು (ಇಂಡೋ-ಟಿಬೆಟನ್ ಗಡಿ ಪೊಲೀಸರು) ಕಾಟನ್ ಬೇಡ ಅಂತ ಹೇಳಿದ್ರು, ಒಂದು ಬನಿಯನ್ನಿಂದ ಏನಾಗುತ್ತೆ ಅನ್ಕೊಂಡೆ.

ಜೂನ್ ತಿಂಗಳು, ಸೂರ್ಯ ಹುಟ್ಟೋದೇ ಇಲ್ಲ, ಹಣೆಗೆ ಲೈಟ್ ಕಟ್ಕೊಂಡು ನಾನೂ ಇನ್ನೊಬ್ರೂ ಉಪಕರಣ ಇಟ್ಟಿದ್ದ ಗುಡಿಸ್ಲಿಗೆ ಹೋದ್ವಿ, ಬಾಗಿಲು ಅರ್ಧ ಹಿಮದಲ್ಲಿ ಹೂತಿತ್ತು, ಬೇಗ ಮುಗಿಸೋಣ ಅಂತ ನಾನು ಅರ್ಧ ಗಂಟೆ ಒಂದೇ ಸಮ ಸಲಿಕೆ ಹಾಕಿದೆ, ಆ ಮೈನಸ್ ಚಳಿಲೂ ಬೆವರು ಕಿತ್ಕೊಂಡು ಬಂತು. ಕಾಟನ್ ಬೆವರು ಕುಡಿಯುತ್ತೆ, ಬಿಡಲ್ಲ. ಒದ್ದೆ ಬಟ್ಟೆ ಮೈಗೆ ಅಂಟ್ಕೊಂಡ್ರೆ ಬಿಸಿ ಹೋಗೋ ಲೆಕ್ಕವೇ ಬೇರೆ, ನಿಂತ ಗಾಳಿಗಿಂತ ನೀರು ಸುಮಾರು 25 ಪಟ್ಟು ಚೆನ್ನಾಗಿ ಶಾಖ ದಾಟಿಸುತ್ತೆ. ಸಲಿಕೆ ಹಿಡಿದಿರೋ ತನಕ ಗೊತ್ತಾಗಲ್ಲ. ಅಳತೆ ದಾಖಲಿಸೋ ಲಾಗರ್ ಮುಂದೆ ಸುಮ್ನೆ ಕೂತ ಐದೇ ನಿಮಿಷಕ್ಕೆ ಬೆನ್ನಲ್ಲಿ ತಣ್ಣೀರು ಸುರಿದಂಗಾಯ್ತು, ಬೆರಳು ಮರದ ಕಡ್ಡಿ ಥರ, ಹಿತ್ತಾಳೆ ಸ್ಕ್ರೂ ಕೈಯಿಂದ ಜಾರಿ ಬಾಗಿಲ ಹಿಮದೊಳಗೆ ಹೋಯ್ತು. ಅಲ್ಲಿ ಕಬ್ಬಿಣದ ಸ್ಕ್ರೂ ಹಾಕೋ ಹಾಗಿಲ್ಲ, ಅಳತೆ ಕೆಡುತ್ತೆ. ನನ್ ಮಾತು ತೊದಲ್ತಿರೋದು ಜೊತೆಗಿದ್ದವ್ರಿಗೆ ಗೊತ್ತಾಗಿ ಎಳ್ಕೊಂಡು ವಾಪಸ್ ಕರ್ಕೊಂಡು ಬಂದ್ರು. ನನ್ ಜೀವ ಉಳಿಸಿದ್ದು ಅವರೇ.

ಆ ರಾತ್ರಿನೇ ಬ್ಲಿಝಾರ್ಡ್, ಅಂದ್ರೆ ಹಿಮದ ಬಿರುಗಾಳಿ, ಶುರು, ಮೂರು ದಿನ ಹೊರಗೆ ಕಾಲಿಡೋಕಾಗ್ಲಿಲ್ಲ, ಸ್ಕ್ರೂ ಹಾಕದೇ ಬಂದಿದ್ರಿಂದ ಲಾಗರ್ ಆಫ್ ಆಗೇ ಇತ್ತು. ಆ ವರ್ಷದ ಗ್ರಾಫಲ್ಲಿ ಮೂರು ದಿನ ಖಾಲಿ ಜಾಗ. ಬೆರಳು ಸರಿ ಹೋಯ್ತು, ಆ ಖಾಲಿ ಜಾಗ ತುಂಬೋಕೆ ಯಾರಿಂದ್ಲೂ ಆಗಲ್ಲ. ಈಗ್ಲೂ ಹೊಟ್ಟೆ ಉರಿಯುತ್ತೆ.

ಮೈ ಒಗ್ಗಿಸೋ ಮಾತೇ ತಪ್ಪು ಅಂತ ನನಗನ್ಸುತ್ತೆ. ನಿಧಾನವಾಗಿ ಕೆಲಸ ಮಾಡೋದು ಕಲೀರಿ, ಸಲಿಕೆ ಹಿಡಿಯೋ ಮುಂಚೆನೇ ಜಾಕೆಟ್ ಜಿಪ್ ಇಳಿಸಿ, ಸ್ವಲ್ಪ ಚಳಿ ಆಗ್ತಿದ್ರೇ ಸರಿಯಾಗಿದೀರಿ ಅಂತರ್ಥ. ಬೇಸಿಗೆ ಟೀಮಾ ಚಳಿಗಾಲದ್ದಾ ಅಂತಾನೂ ಕೇಳಿದೀರಿ, ಚಳಿಗಾಲಕ್ಕೇ ಹೋಗಿ, ಯೋಚ್ನೆ ಮಾಡ್ಬೇಡಿ. ಒಳಗೆ ಉಣ್ಣೆದು ಇಲ್ಲಾ ಪಾಲಿಯೆಸ್ಟರ್ದು ಮಾತ್ರ. ಒಣಗಿದ ಗ್ಲೌಸ್ ಒಂದು ಜೊತೆ ಯಾವಾಗ್ಲೂ ಜಾಕೆಟ್ ಒಳಗೆ ಎದೆ ಹತ್ರ ಇರ್ಲಿ, ಸ್ಪೇರ್ ಸ್ಕ್ರೂನೂ ಅಲ್ಲೇ.