ತಂದೆಯವರ ಹಳೆಯ ಬ್ಯಾಂಕ್ ಖಾತೆ: ದಾಖಲೆ ಪಡೆಯುವುದು ಹೇಗೆ?

ಪ್ರಶ್ನೆ: ನಮ್ಮ ತಂದೆಯವರು ಪ್ರಾಥಮಿಕ ಶಾಲಾ ಶಿಕ್ಷಕರಾಗಿದ್ದು, 2009ರಲ್ಲಿ ತೀರಿಕೊಂಡರು. ಈಚೆಗೆ ಅವರ ಟ್ರಂಕಿನಲ್ಲಿ ಎರಡು ಕಾಗದಗಳು ಸಿಕ್ಕವು. ಒಂದು ಅವರೊಬ್ಬರ ಹೆಸರಿನಲ್ಲಿದ್ದ ಉಳಿತಾಯ ಖಾತೆಯ ಪಾಸ್‌ಬುಕ್. ಅದರ ಕೊನೆಯ ನಮೂದು 1996ರದು. ಇನ್ನೊಂದು 1994ರಲ್ಲಿ ತಂದೆ-ತಾಯಿ ಇಬ್ಬರ ಹೆಸರಿನಲ್ಲಿ ಮೂರು ವರ್ಷಕ್ಕೆ ಇಟ್ಟ ನಿಶ್ಚಿತ ಠೇವಣಿಯ ರಸೀದಿ. ಆ ಬ್ಯಾಂಕು ಈಗ ಬೇರೊಂದರಲ್ಲಿ ವಿಲೀನವಾಗಿದೆ. ಶಾಖೆಯಲ್ಲಿ ಕೇಳಿದರೆ, ‘ಈ ನಂಬರು ಕಂಪ್ಯೂಟರಿನಲ್ಲಿ ಬರುತ್ತಿಲ್ಲ, ಹಳೆಯ ಲೆಜರುಗಳನ್ನು ವಿಲೇವಾರಿ ಮಾಡಿದ್ದೇವೆ’ ಎನ್ನುತ್ತಾರೆ. ತಾಯಿಯವರು ಇದ್ದಾರೆ. ನಾವು ಮುಂದೇನು ಮಾಡಬೇಕು?
– ಓದುಗರು, ಶಿವಮೊಗ್ಗ

ಉತ್ತರ: ಶಾಖೆಯವರು ಬಾಯಿಮಾತಿನಲ್ಲಿ ಹೇಳಿದ್ದನ್ನು ಅಂತಿಮ ಉತ್ತರವೆಂದು ದಯವಿಟ್ಟು ಒಪ್ಪಿಕೊಳ್ಳಬೇಡಿ. ವಿಲೀನವಾದಾಗ ಹಳೆಯ ಬ್ಯಾಂಕಿನ ಠೇವಣಿಗಳ ಹೊಣೆಯೂ ಹೊಸ ಬ್ಯಾಂಕಿಗೇ ಬರುತ್ತದೆ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿಗೆ, ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ, ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿಗೆ, ಕಾರ್ಪೊರೇಷನ್ ಬ್ಯಾಂಕ್ ಅದೇ ವರ್ಷ ಯೂನಿಯನ್ ಬ್ಯಾಂಕಿಗೆ ಸೇರಿದವು. ಹಳೆಯ ಕೈಬರಹದ ನಂಬರು ಇಂದಿನ ಗಣಕದಲ್ಲಿ ಸಿಗದಿರುವುದು ಸಹಜ; ಅಷ್ಟರಿಂದಲೇ ಖಾತೆ ಇರಲಿಲ್ಲವೆಂದಾಗಲಿ, ಹಣ ಮುಳುಗಿತೆಂದಾಗಲಿ ಹೇಳಲು ಬರುವುದಿಲ್ಲ.

ಹತ್ತು ವರ್ಷ ಯಾರೂ ವ್ಯವಹರಿಸದ ಖಾತೆಗಳ ಮತ್ತು ಅವಧಿ ಮುಗಿದು ಹತ್ತು ವರ್ಷ ಕಳೆದರೂ ಯಾರೂ ಕೇಳದ ಠೇವಣಿಗಳ ಹಣವನ್ನು ಬ್ಯಾಂಕುಗಳು 2014ರಿಂದ ರಿಸರ್ವ್ ಬ್ಯಾಂಕಿನ ‘ಠೇವಣಿದಾರರ ಶಿಕ್ಷಣ ಮತ್ತು ಜಾಗೃತಿ ನಿಧಿ’ಗೆ ವರ್ಗಾಯಿಸುತ್ತಿವೆ. ನಿಮ್ಮ ಎರಡೂ ಮೊತ್ತಗಳು ಬಹುಮಟ್ಟಿಗೆ ಅಲ್ಲಿಗೇ ಹೋಗಿರಬೇಕು. ಹಾಗೆ ಹೋದ ಹಣವನ್ನು ಎಷ್ಟು ವರ್ಷಗಳ ನಂತರವಾದರೂ ಕೇಳಬಹುದು. ಕೇಳಬೇಕಾದದ್ದು ಬ್ಯಾಂಕನ್ನು, ರಿಸರ್ವ್ ಬ್ಯಾಂಕನ್ನಲ್ಲ. ಬ್ಯಾಂಕು ನಿಮಗೆ ಪಾವತಿಸಿ, ಆಮೇಲೆ ನಿಧಿಯಿಂದ ತಾನು ಪಡೆದುಕೊಳ್ಳುತ್ತದೆ. ಬಡ್ಡಿ ಬರುವ ಠೇವಣಿಯಾಗಿದ್ದರೆ ನಿಧಿಯಲ್ಲಿದ್ದ ಅವಧಿಗೂ ಸರಳ ಬಡ್ಡಿ ಸಿಗುತ್ತದೆ. ಮೊದಲು ಶೇ. 4ರಷ್ಟಿದ್ದ ಈ ದರವನ್ನು 2018ರ ಜುಲೈಯಿಂದ ಶೇ. 3.5ಕ್ಕೆ, 2021ರ ಮೇ ತಿಂಗಳಿನಿಂದ ಶೇ. 3ಕ್ಕೆ ಇಳಿಸಲಾಗಿದೆ.

ಲೆಜರುಗಳ ವಿಲೇವಾರಿಯ ಮಾತಿನಲ್ಲಿ ಅರ್ಧ ಸತ್ಯವಿದೆ. ಬ್ಯಾಂಕಿನ ಪುಸ್ತಕಗಳನ್ನು ಐದು ಅಥವಾ ಎಂಟು ವರ್ಷ ಇಟ್ಟರೆ ಸಾಕೆಂದು 1985ರ ನಿಯಮಗಳು ಹೇಳುತ್ತವೆ. ಆದರೆ ಆ ನಿಯಮಗಳು ಏನೇ ಹೇಳಿದ್ದರೂ, ನಿಧಿಗೆ ಹಣ ಹೋಗಬೇಕಾದ ಖಾತೆಗಳ ವಿವರವುಳ್ಳ ದಾಖಲೆಗಳನ್ನು ಶಾಶ್ವತವಾಗಿ ಕಾಪಾಡಬೇಕೆಂದು 2014ರ ಯೋಜನೆಯೇ ಬ್ಯಾಂಕುಗಳಿಗೆ ವಿಧಿಸಿದೆ. ಕೌಂಟರಿನ ಸಿಬ್ಬಂದಿಗೆ ಇದು ತಿಳಿಯದಿರಬಹುದು. ನಿಮ್ಮ ಅರ್ಜಿಯಲ್ಲಿ ಈ ಮಾತನ್ನು ಅವಶ್ಯವಾಗಿ ಕಾಣಿಸಿ.

ಅರ್ಜಿಗೆ ಮೊದಲು, ಯಾರೂ ಕೇಳದೆ ಉಳಿದ ಠೇವಣಿಗಳನ್ನು ಹುಡುಕಲು ಇರುವ ರಿಸರ್ವ್ ಬ್ಯಾಂಕಿನ ‘ಉದ್ಗಮ್’ ಜಾಲತಾಣದಲ್ಲಿ ಒಮ್ಮೆ ನೋಡಿ. ತಂದೆಯವರ ಹೆಸರಿನೊಂದಿಗೆ ಪ್ಯಾನ್, ಮತದಾರರ ಗುರುತಿನ ಚೀಟಿ, ಜನ್ಮದಿನಾಂಕ ಮುಂತಾದವುಗಳಲ್ಲಿ ಒಂದನ್ನು ಕೊಡಬೇಕಾಗುತ್ತದೆ. ಅಂದಿನ ಖಾತೆಗಳಿಗೆ ಇವು ಜೋಡಣೆಯಾಗಿರುವುದು ಅಪರೂಪವಾದ್ದರಿಂದ ಹಳೆಯ ವಿಳಾಸವನ್ನು ಕೊಟ್ಟು ಹುಡುಕುವುದು ಒಳ್ಳೆಯದು. ಹೆಸರಿನ ಇಂಗ್ಲಿಷ್ ಕಾಗುಣಿತವನ್ನು ಬದಲಿಸಿ, ಇನಿಷಿಯಲ್ಲನ್ನು ಒಮ್ಮೆ ಮುಂದೆ, ಒಮ್ಮೆ ಹಿಂದೆ ಹಾಕಿ ನೋಡಿ. ಸಿಕ್ಕರೆ ಒಂದು ಉಲ್ಲೇಖ ಸಂಖ್ಯೆ ಬರುತ್ತದೆ, ಅದನ್ನು ಅರ್ಜಿಯಲ್ಲಿ ಬರೆಯಿರಿ. ಸಿಗದಿದ್ದರೂ ಅರ್ಜಿ ಕೊಡಿ.

ಇನ್ನು ಖಾತೆ ನಿಮ್ಮ ತಂದೆಯವರದೇ ಎಂಬುದಕ್ಕೆ ಪುರಾವೆ. ಪಾಸ್‌ಬುಕ್ಕಿನ ಮೊದಲ ಪುಟವನ್ನು ಬೆಳಕಿಗೆ ಹಿಡಿದು ನಿಧಾನವಾಗಿ ಓದಿ. ಖಾತೆಯ ಸಂಖ್ಯೆಯ ಪಕ್ಕದಲ್ಲಿ ‘ಎಲ್.ಎಫ್.’ ಎಂದು ಇನ್ನೊಂದು ಸಂಖ್ಯೆ ಇದ್ದರೆ ಅದು ಲೆಜರಿನ ಪುಟಸಂಖ್ಯೆ. ಹಳೆಯ ಪುಸ್ತಕಗಳಲ್ಲಿ ಹುಡುಕುವವರಿಗೆ ಖಾತೆಯ ಸಂಖ್ಯೆಗಿಂತ ಅದೇ ಹೆಚ್ಚು ನೆರವಾಗುತ್ತದೆ. ಶಾಖೆಯ ಮೊಹರು, ನಮೂದುಗಳ ಎದುರಿನ ಅಧಿಕಾರಿಯ ಕಿರುಸಹಿ, ಕೊನೆಯ ಶಿಲ್ಕು, ಇವೆಲ್ಲ ಕಾಣುವಂತೆ ಪ್ರತಿ ಪುಟದ ಜೆರಾಕ್ಸ್ ಮಾಡಿಸಿ. ತಂದೆಯವರ ಸೇವಾ ಪುಸ್ತಕದ ಪುಟ, ಪಿಂಚಣಿ ಆದೇಶ, ಅಂದಿನ ಪಡಿತರ ಚೀಟಿಗಳಲ್ಲಿ ಹೆಸರು, ವಿಳಾಸ, ಸಹಿ ಪಾಸ್‌ಬುಕ್ಕಿಗೆ ಹೊಂದುವ ಒಂದೆರಡನ್ನು ಲಗತ್ತಿಸಿ. ಶಿಕ್ಷಕರ ಸಂಬಳ ಆ ಖಾತೆಗೆ ಬರುತ್ತಿದ್ದರೆ ಇಲಾಖೆಯ ದಾಖಲೆಯೂ ಒಳ್ಳೆಯ ಸಾಕ್ಷಿ. ಮರಣ ಪ್ರಮಾಣಪತ್ರದಲ್ಲಿ ಹೆಸರು ಬೇರೆ ರೀತಿಯಲ್ಲಿದ್ದರೆ, ಇಬ್ಬರೂ ಒಬ್ಬರೇ ಎಂದು ನೋಟರಿಯ ಮುಂದೆ ಅಫಿಡವಿಟ್ ಮಾಡಿಸಿ.

ಠೇವಣಿ ರಸೀದಿಯಲ್ಲಿ ‘ಇಬ್ಬರಲ್ಲಿ ಯಾರಾದರೂ ಅಥವಾ ಉಳಿದವರು’ ಎಂಬ ಷರತ್ತು ಇದೆಯೇ ನೋಡಿ. ಇದ್ದರೆ ನಿಮ್ಮ ತಾಯಿಯವರು ಮರಣ ಪ್ರಮಾಣಪತ್ರ ಮತ್ತು ತಮ್ಮ ಗುರುತಿನ ದಾಖಲೆ ಕೊಟ್ಟು ನೇರವಾಗಿ ಹಣ ಪಡೆಯಬಹುದು, ವಾರಸಿನ ದಾಖಲೆಯ ಪ್ರಶ್ನೆಯೇ ಬರುವುದಿಲ್ಲ. ಆದ್ದರಿಂದ ಅವರ ಹೆಸರಿನಲ್ಲಿಯೇ, ಬೇಗನೆ, ಠೇವಣಿಯ ಅರ್ಜಿಯನ್ನು ಮೊದಲು ಕೊಡಿಸಿ. ಉಳಿತಾಯ ಖಾತೆಗೆ ನಾಮಿನಿ ಇಲ್ಲದಿದ್ದರೆ ನಾಡಕಚೇರಿಯಿಂದ ವಂಶವೃಕ್ಷ ಅಥವಾ ಜೀವಂತ ಸದಸ್ಯರ ದೃಢೀಕರಣ ಪಡೆದು, ಉಳಿದ ವಾರಸುದಾರರ ಒಪ್ಪಿಗೆಪತ್ರದೊಡನೆ ಕ್ಲೇಮು ಸಲ್ಲಿಸಿ. ರಿಸರ್ವ್ ಬ್ಯಾಂಕಿನ 2025ರ ನಿರ್ದೇಶನದ ಪ್ರಕಾರ, ತಕರಾರು ಇಲ್ಲದಿದ್ದಾಗ ವಾಣಿಜ್ಯ ಬ್ಯಾಂಕುಗಳು 15 ಲಕ್ಷ ರೂಪಾಯಿವರೆಗಿನ ಕ್ಲೇಮನ್ನು ನ್ಯಾಯಾಲಯದ ಉತ್ತರಾಧಿಕಾರ ಪ್ರಮಾಣಪತ್ರ ಕೇಳದೆಯೇ ಸರಳ ವಿಧಾನದಲ್ಲಿ ಇತ್ಯರ್ಥಗೊಳಿಸಬೇಕು.

ಅರ್ಜಿಯ ಪ್ರತಿಯ ಮೇಲೆ ದಿನಾಂಕ ಸಹಿತ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಪಾಸ್‌ಬುಕ್ಕು, ರಸೀದಿಗಳ ಮೂಲಪ್ರತಿಯನ್ನು ತೋರಿಸಿ ವಾಪಸು ತನ್ನಿ. ಹಣ ಪಾವತಿಯಾಗುವ ದಿನದವರೆಗೆ ಅವನ್ನು ಕೈಬಿಡಬೇಡಿ. ದಾಖಲೆ ಇಲ್ಲವೆನ್ನುವುದಾದರೆ ಅದನ್ನು ಹಿಂಬರಹವಾಗಿ ಕೊಡಲಿ. 30 ದಿನಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಉತ್ತರ ತೃಪ್ತಿಕರವಾಗಿರದಿದ್ದರೆ, ಗ್ರಾಹಕರ ದೂರುಗಳನ್ನು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಕೊಡಬಹುದು.

ಪ್ರಶ್ನೆ: ತೀರಿಕೊಂಡ ನಮ್ಮ ತಾಯಿಯವರ ಖಾತೆಗೆ ನಮ್ಮಣ್ಣ ನಾಮಿನಿ. ಹಣವೆಲ್ಲ ತನ್ನದೇ ಎನ್ನುತ್ತಾನೆ. ತಾಯಿ ಉಯಿಲು ಬರೆದಿಲ್ಲ. ಇದು ಸರಿಯೆ?
– ಓದುಗರು, ಹಾಸನ

ಉತ್ತರ: ಸರಿಯಲ್ಲ. ಬ್ಯಾಂಕು ನಾಮಿನಿಗೆ ಹಣ ಕೊಟ್ಟರೆ ಬ್ಯಾಂಕಿನ ಹೊಣೆ ತೀರುತ್ತದೆ, ಆದರೆ ನಾಮಿನಿ ಆ ಹಣದ ಒಡೆಯನಾಗುವುದಿಲ್ಲ. ವಾರಸುದಾರರ ಪರವಾಗಿ ಅದನ್ನು ಪಡೆಯುತ್ತಾನೆ ಅಷ್ಟೆ. ಸುಪ್ರೀಂ ಕೋರ್ಟು 2010ರಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ. ಅಣ್ಣನವರೊಡನೆ ಮಾತಾಡಿ, ಒಪ್ಪದಿದ್ದರೆ ಸಿವಿಲ್ ನ್ಯಾಯಾಲಯದಲ್ಲಿ ನಿಮ್ಮ ಪಾಲು ಕೇಳಬಹುದು.

ಪ್ರಶ್ನೆ: ಅಜ್ಜನವರು ಊರಿನ ಪತ್ತಿನ ಸಹಕಾರ ಸಂಘದಲ್ಲಿ ಇಟ್ಟ ಠೇವಣಿ ಉದ್ಗಮ್‌ನಲ್ಲಿ ಕಾಣುತ್ತಿಲ್ಲ.
– ಓದುಗರು, ಹಾವೇರಿ

ಉತ್ತರ: ಪತ್ತಿನ ಸಂಘಗಳು ಬ್ಯಾಂಕುಗಳಲ್ಲ, ಆದ್ದರಿಂದ ಅಲ್ಲಿ ಕಾಣುವುದಿಲ್ಲ. ಸಂಘದ ಕಾರ್ಯದರ್ಶಿಗೆ ಲಿಖಿತ ಅರ್ಜಿ ಕೊಡಿ. ಸಂಘ ಮುಚ್ಚಿದ್ದರೆ ಅದರ ಪುಸ್ತಕಗಳು, ಸಂಘದ ಲೆಕ್ಕ ಮುಗಿಸಲು ನೇಮಕವಾದ ಸಮಾಪನಾಧಿಕಾರಿಯ ವಶದಲ್ಲಿರುತ್ತವೆ. ಅವರು ಯಾರೆಂಬುದನ್ನು ಸಹಕಾರ ಸಂಘಗಳ ಸಹಾಯಕ ನಿಬಂಧಕರ ಕಚೇರಿಯಲ್ಲಿ ವಿಚಾರಿಸಿ.