ದೊವ್‌ಝೆಂಕೊ ಅವರ ಸಿನಿಮಾಗಳು ಬರೀ ಸರ್ಕಾರಿ ಪ್ರಚಾರನಾ? ಯಾವುದರಿಂದ ನೋಡೋಕೆ ಶುರು ಮಾಡಲಿ?

ಕಥೆ ಮಾತ್ರ ನೋಡಿದರೆ ಹೌದು, ಪ್ರಚಾರವೇ. ಆದರೆ ಯಾರಿಗಾಗಿ ಆ ಪ್ರಚಾರವೋ ಅವರಿಗೇ ಅದು ಹಿಡಿಸಲಿಲ್ಲ. ಸೋವಿಯತ್ ಕಾಲದ ಉಕ್ರೇನಿನ ನಿರ್ದೇಶಕ ಒಲೆಕ್ಸಾಂದ್ರ್ ದೊವ್‌ಝೆಂಕೊ ಜೀವನಪೂರ್ತಿ ಸಿಕ್ಕಿಹಾಕಿಕೊಂಡಿದ್ದು ಇದರಲ್ಲೇ.

ಹುಟ್ಟಿದ್ದು 1894ರಲ್ಲಿ, ಉತ್ತರ ಉಕ್ರೇನಿನ ಸೊಸ್ನಿತ್ಸ್ಯಾದಲ್ಲಿ, ರೈತರ ಮನೆಯಲ್ಲಿ. ಅಪ್ಪನಿಗೆ ಓದು ಬರಹ ಬರುತ್ತಿರಲಿಲ್ಲ. 14 ಮಕ್ಕಳಲ್ಲಿ ದೊಡ್ಡವರಾಗುವ ತನಕ ಉಳಿದದ್ದು ಇವರು ಮತ್ತು ಒಬ್ಬ ಸೋದರಿ ಮಾತ್ರ. ಮೊದಲು ಮೇಷ್ಟ್ರಾಗಿದ್ದರು. ಆಮೇಲೆ ವಾರ್ಸಾ, ಬರ್ಲಿನ್‌ಗಳಲ್ಲಿ ರಾಯಭಾರ ಕಚೇರಿಯ ಕೆಲಸ. ಬರ್ಲಿನ್‌ನಲ್ಲೇ ಚಿತ್ರಕಲೆ ಕಲಿತು, 1923ರಲ್ಲಿ ಖಾರ್ಕಿವ್‌ಗೆ ಬಂದು 'ಸಾಶ್ಕೊ' ಅನ್ನೋ ಹೆಸರಲ್ಲಿ ವ್ಯಂಗ್ಯಚಿತ್ರ ಬರೆದರು. 1926ರಲ್ಲಿ ಒಡೆಸ್ಸಾದ ಸ್ಟುಡಿಯೋ ಸೇರಿದಾಗ ವಯಸ್ಸು 30 ದಾಟಿತ್ತು. ಸಿನಿಮಾ ಕೆಲಸ ಗೊತ್ತೇ ಇರಲಿಲ್ಲ.

ಮೊದಲ ಒಂದೆರಡು ಸಿನಿಮಾ ಕೈ ಪಳಗಿಸಿಕೊಳ್ಳೋಕೆ ಮಾಡಿದ್ದು, ಬಿಡಿ. ಅಸಲಿ ದೊವ್‌ಝೆಂಕೊ ಇರೋದು 1928ರಿಂದ 1930ರ ಒಳಗಿನ ಮೂರು ಮೂಕಿ ಚಿತ್ರಗಳಲ್ಲಿ: 'ಜ್ವೆನಿಹೊರಾ', 'ಆರ್ಸೆನಲ್', 'ಜೆಮ್ಲ್ಯಾ' (ಅಂದರೆ ಭೂಮಿ). 'ಆರ್ಸೆನಲ್' 1918ರ ಕೀವ್ ಶಸ್ತ್ರಾಸ್ತ್ರ ಕಾರ್ಖಾನೆಯ ದಂಗೆಯ ಕಥೆ. ಅದರಲ್ಲಿ ಒಂದು ಕೈ ಕಳೆದುಕೊಂಡ ರೈತ ಬಡಕಲು ಕುದುರೆಗೆ ಬಾರಿಸುತ್ತಾನೆ. 'ನೀನು ಹೊಡೀಬೇಕಾದ್ದು ನನಗಲ್ಲ, ಇವಾನ್' ಅನ್ನುತ್ತದೆ ಕುದುರೆ! ಕಮ್ಯುನಿಸ್ಟ್ ಪಾರ್ಟಿಯ ಸಿನಿಮಾದಲ್ಲಿ ಕುದುರೆ ಮಾತಾಡುತ್ತೆ ಅಂದ್ರೆ ಈ ಮನುಷ್ಯನ ತಲೆ ಹೇಗೆ ಓಡುತ್ತಿತ್ತು ನೋಡಿ.

'ಭೂಮಿ' ವಿಷಯಕ್ಕೆ ಬರೋಣ. ಊರಿನ ಯುವಕ ವಾಸಿಲ್ ಸಾಮೂಹಿಕ ಬೇಸಾಯಕ್ಕೆ ಅಂತ ಟ್ರ್ಯಾಕ್ಟರ್ ತರಿಸುತ್ತಾನೆ, ಶ್ರೀಮಂತ ರೈತನ ಮಗ ಅವನನ್ನು ಕೊಲ್ಲುತ್ತಾನೆ. ಇಷ್ಟೇ ಕಥೆ, ಪಕ್ಕಾ ಸರ್ಕಾರಿ. ಆದರೆ ಆ ಕೊಲೆಯನ್ನು ತೋರಿಸಿದ ರೀತಿ ನೋಡಿ. ಬೇಸಿಗೆಯ ಬೆಳದಿಂಗಳು, ಮಣ್ಣಿನ ದಾರಿ. ಹುಡುಗಿಯನ್ನು ಬಿಟ್ಟು ವಾಸಿಲ್ ಒಬ್ಬನೇ ಮನೆಗೆ ಹೊರಟಿದ್ದಾನೆ. ನಡೀತಾ ನಡೀತಾ ಖುಷಿ ತಡೆಯಲಾಗದೆ ಕುಣಿಯೋಕೆ ಶುರು ಮಾಡುತ್ತಾನೆ. ಕಾಲಡಿ ಧೂಳೆದ್ದು ದಾರಿಯೆಲ್ಲ ಮಸುಕು. ಇದ್ದಕ್ಕಿದ್ದಂತೆ ಬಿದ್ದುಬಿಡುತ್ತಾನೆ. ಮೂಕಿ ಚಿತ್ರ, ಗುಂಡಿನ ಸದ್ದು ನಮಗೆ ಕೇಳಿಸಲ್ಲ. ಪಕ್ಕದಲ್ಲಿ ಮೇಯುತ್ತಿದ್ದ ಕುದುರೆ ತಲೆ ಎತ್ತಿದಾಗಲೇ ಏನಾಯಿತು ಅಂತ ಹೊಳೆಯೋದು. ಇಡೀ ಚಿತ್ರದ ಛಾಯಾಗ್ರಹಣ ದನಿಲೊ ದೆಮುತ್ಸ್ಕಿ ಅವರದ್ದು.

ಮೇಲಿನವರಿಗೆ ಬೇಕಿದ್ದದ್ದು ವರ್ಗಶತ್ರುವಿನ ಮೇಲೆ ಕೆಂಡ ಕಾರುವ ಸಿನಿಮಾ. ಇವರು ಕೊಟ್ಟದ್ದು ಸೇಬು, ಮಳೆ, ಸಾವು, ಹುಟ್ಟು. ಕವಿ ದೆಮ್ಯಾನ್ ಬೆದ್ನಿ 'ಇಜ್ವೆಸ್ತಿಯಾ' ಪತ್ರಿಕೆಯಲ್ಲಿ ಪದ್ಯದಲ್ಲೇ ಉಗಿದರು. ಕೆಲವು ದೃಶ್ಯಗಳಿಗೆ ಕತ್ತರಿ ಬಿತ್ತು. ಅದರಲ್ಲೊಂದು, ನೀರಿಲ್ಲದೆ ನಿಂತ ಟ್ರ್ಯಾಕ್ಟರಿನ ರೇಡಿಯೇಟರಿಗೆ ಗಂಡಸರೆಲ್ಲ ಸೇರಿ ಉಚ್ಚೆ ಹೊಯ್ಯುವ ದೃಶ್ಯ. ಇನ್ನೊಂದು ಮಾತನ್ನೂ ಮರೆಯಬಾರದು. ಆ ಸಿನಿಮಾ ಹಾಡಿಹೊಗಳಿದ ಸಾಮೂಹಿಕ ಬೇಸಾಯವನ್ನು ಬಲವಂತವಾಗಿ ಹೇರಿ, ಧಾನ್ಯ ಕಿತ್ತುಕೊಂಡು ಹೋದದ್ದರಿಂದಲೇ 1932-33ರಲ್ಲಿ ಉಕ್ರೇನಿನಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸತ್ತರು. ಅದು ಗೊತ್ತಿದ್ದು ನೋಡಿದರೆ ಟ್ರ್ಯಾಕ್ಟರ್ ಬರುವ ಸಂಭ್ರಮ ಗಂಟಲಲ್ಲಿ ಇಳಿಯಲ್ಲ.

ಆಮೇಲಿನದ್ದು ಸ್ಟಾಲಿನ್ ನೆರಳಿನ ಬದುಕು. 1939ರ 'ಶ್ಚೋರ್ಸ್' (ಅಂತರ್ಯುದ್ಧದಲ್ಲಿ ಕೆಂಪು ಸೇನೆಯ ಕಮಾಂಡರ್ ಆಗಿದ್ದವನ ಕಥೆ) ಸ್ವತಃ ಸ್ಟಾಲಿನ್ ಕೇಳಿ ಮಾಡಿಸಿದ ಚಿತ್ರ. ಯುದ್ಧಕಾಲದಲ್ಲಿ ಬರೆದ 'ಉರಿಯುತ್ತಿರುವ ಉಕ್ರೇನ್' ಚಿತ್ರಕಥೆ ಅದೇ ಸ್ಟಾಲಿನ್‌ಗೆ ಸಿಟ್ಟು ತರಿಸಿತು. 1944ರ ಜನವರಿಯಲ್ಲಿ ಎದುರಿಗೇ ಕೂರಿಸಿ ಛೀಮಾರಿ ಹಾಕಿದರು, ಹುದ್ದೆಗಳು ಹೋದವು. ಕೊನೆಯ ವರ್ಷಗಳು ತಾಯ್ನಾಡಿನಿಂದ ದೂರ ಮಾಸ್ಕೋದಲ್ಲೇ ಕಳೆದವು. 1956ರ ನವೆಂಬರ್‌ನಲ್ಲಿ ತೀರಿಕೊಂಡಾಗ ಇನ್ನೊಂದು ಸಿನಿಮಾ ಕೈಯಲ್ಲಿತ್ತು. ಕಖೋವ್ಕಾ ಅಣೆಕಟ್ಟಿನ ನೀರಲ್ಲಿ ಮುಳುಗಲಿದ್ದ ಹಳ್ಳಿಯ ಕಥೆ ಅದು. (ಆ ಅಣೆಕಟ್ಟೇ 2023ರ ಜೂನ್‌ನಲ್ಲಿ ಯುದ್ಧದ ನಡುವೆ ಒಡೆದುಹೋಯಿತು.) ಅದನ್ನು ಮುಗಿಸಿದ್ದು ಹೆಂಡತಿ ಯೂಲಿಯಾ ಸೊಲ್ನ್‌ತ್ಸೆವಾ. ಹಿಂದೆ 'ಅಯೆಲಿತಾ' ಚಿತ್ರದಲ್ಲಿ ಮಂಗಳ ಗ್ರಹದ ರಾಣಿಯಾಗಿದ್ದ ನಟಿ. ಗಂಡನ ಇನ್ನೊಂದು ಚಿತ್ರಕಥೆಯನ್ನು ಸಿನಿಮಾ ಮಾಡಿ 1961ರಲ್ಲಿ ಕಾನ್ ಉತ್ಸವದಲ್ಲಿ ಶ್ರೇಷ್ಠ ನಿರ್ದೇಶಕಿ ಪ್ರಶಸ್ತಿ ಪಡೆದರು. ಇವರ ಬಗ್ಗೆ ಬೇರೆಯೇ ಉತ್ತರ ಬರೀಬೇಕು.

ನೋಡೋದಾದರೆ 'ಭೂಮಿ'ಯಿಂದಲೇ ಶುರು ಮಾಡಿ. ಕೀವ್‌ನ ದೊವ್‌ಝೆಂಕೊ ಕೇಂದ್ರ (ಅಲ್ಲಿನ ಸಿನಿಮಾ ಸಂಗ್ರಹಾಲಯ) 2012ರಲ್ಲಿ ಸರಿಪಡಿಸಿದ ಪ್ರತಿ ಸಿಕ್ಕರೆ ಒಳ್ಳೆಯದು. ಅದಕ್ಕೆ ಉಕ್ರೇನಿನ 'ದಾಖಾಬ್ರಾಖಾ' ತಂಡದ ಸಂಗೀತವಿದೆ. ಕಥೆ ಮುಂದೆ ಓಡ್ತಿಲ್ಲ ಅಂತ ಮೊದಲ ಹತ್ತು ನಿಮಿಷಕ್ಕೇ ಎದ್ದು ಹೋಗಬೇಡಿ. 'ಜ್ವೆನಿಹೊರಾ' ಕೊನೆಗೆ ಇಟ್ಟುಕೊಳ್ಳಿ. ಉಕ್ರೇನಿನ ಜನಪದ ಕಥೆಗಳ ಪರಿಚಯ ಸ್ವಲ್ಪವೂ ಇಲ್ಲದಿದ್ದರೆ ಅದು ತಲೆಬುಡ ಅರ್ಥವಾಗಲ್ಲ.