ಸಂಪಾದಕರ ಉತ್ತರ: ಹಾಸಿಗೆ ಕೆಳಗಿನ ಚಾಪೆ

ಆಕ್ಲೆಂಡಿಂದ ಬರೆದ ಮೇಡಂ,

ನಿಮ್ಮ ಪತ್ರ ಎರಡು ಸಲ ಓದ್ದೆ. ಅಕ್ಟೋಬರ್ ಎರಡನೇ ಭಾನುವಾರ ಪಕ್ಕದ ಮನೆ ಸಮೋವಾದವರು (ಪೆಸಿಫಿಕ್ ಸಾಗರದ ದ್ವೀಪ ದೇಶ) ಮಕ್ಕಳ ಹಬ್ಬಕ್ಕೆ ಕರೆದಿದ್ರು, ಬಿಳಿ ಬಟ್ಟೆ ಹಾಕ್ಕೊಂಡ ಮಕ್ಕಳಿಗೇ ಮೊದಲು ಊಟ, ದೊಡ್ಡವರು ಬಡಿಸಿದ್ರು, ಆಮೇಲೆ ಅಜ್ಜಿ ಹಾಸಿಗೆ ಕೆಳಗಿಂದ ರೇಷ್ಮೆ ಥರದ್ದೊಂದು ಚಾಪೆ ತೆಗೆದು ತೋರಿಸಿ ವಾಪಸ್ ಅಲ್ಲೇ ಇಟ್ರು, ಮೊಮ್ಮಕ್ಕಳು ಮೊಬೈಲಿಂದ ತಲೆನೇ ಎತ್ತಲಿಲ್ಲ. "ಉಪಯೋಗಿಸದೇ ಇರೋ ಚಾಪೆ ಹೆಣೆಯೋದನ್ನ ಯಾರು ಕಲೀತಾರೆ, ಇದೆಲ್ಲ ಉಳಿಯುತ್ತಾ?" ಅಂತ ಕೇಳಿದೀರಿ.

ಅದು ಕೂರೋ ಚಾಪೆ ಅಲ್ಲ ಮೇಡಂ. 'ಇಯೆ ತೋಂಗಾ' ಅಂತಾರೆ, ಮದುವೆ, ಸಾವು, ಮನೆತನದ ಯಜಮಾನಿಕೆ ವಹಿಸಿಕೊಡೋದು, ಎಲ್ಲಕ್ಕೂ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗ್ತಾ ಇರತ್ತೆ. 'ಇಫೋಂಗಾ' ಅಂತ ಒಂದು ಪದ್ಧತಿ ಕೇಳಿ: ದೊಡ್ಡ ತಪ್ಪಾದಾಗ ತಪ್ಪು ಮಾಡಿದವರ ಕಡೆಯವರು ಈ ಚಾಪೆ ತಲೆ ಮೇಲೆ ಹೊದ್ದು ನೊಂದವರ ಮನೆ ಮುಂದೆ ಸುಮ್ಮನೆ ಕೂತ್ಕೋತಾರೆ, ಆ ಮನೆಯವರು ಬಂದು ಚಾಪೆ ಎತ್ತಿದ್ರೆ ಕ್ಷಮಿಸಿದ ಹಾಗೆ. ಇಷ್ಟು ಕೆಲಸ ಇರೋ ವಸ್ತು ಅಷ್ಟು ಸುಲಭಕ್ಕೆ ಸಾಯಲ್ಲ. 2019ರಲ್ಲಿ ಈ ಚಾಪೆ ಕಲೆ ಯುನೆಸ್ಕೋದ ಅಮೂರ್ತ ಪರಂಪರೆ ಪಟ್ಟಿಗೆ ಸೇರಿತು, ಸಂತೋಷ, ಆದ್ರೆ ಉಳಿಸ್ತಿರೋದು ಪಟ್ಟಿ ಅಲ್ಲ, ಹಳ್ಳಿಗಳಲ್ಲಿ ಒಟ್ಟಿಗೆ ಕೂತು ಹೆಣೆಯೋ ಹೆಂಗಸರು.

ಕಷ್ಟ ಅಂತೂ ನಿಜ. ಅದು ಕೇದಿಗೆ ಜಾತಿ ಗಿಡದ ಎಲೆ, ಮುಳ್ಳು ತೆಗೀಬೇಕು, ಬೇಯಿಸಬೇಕು, ಮೇಲಿನ ಪದರ ಬೇರೆ ಮಾಡಿ ಸಮುದ್ರದ ನೀರಲ್ಲಿ ನೆನೆಸಿ ಬಿಸಿಲಿಗೆ ಹಾಕಿ ಬಿಳಿ ಮಾಡಬೇಕು, ಆಮೇಲೆ ದಾರದಷ್ಟು ಸಣ್ಣಗೆ ಸೀಳಬೇಕು. ಒಳ್ಳೇ ಚಾಪೆಗೆ ತಿಂಗಳುಗಟ್ಟಲೆ, ಕೆಲವಕ್ಕೆ ವರ್ಷಾನೇ ಹಿಡಿಯತ್ತೆ. ನಮ್ಮ ಕರಾವಳೀಲಿ ಅಷ್ಟಮಿಗೆ ಮೂಡೆ (ಎಲೆ ಕೊಟ್ಟೇಲಿ ಬೇಯಿಸೋ ಇಡ್ಲಿ) ಸುತ್ತೋದೂ ಇಂಥದ್ದೇ ಮುಳ್ಳೆಲೇಲಿ. ನಮ್ಮಜ್ಜಿ ಎಲೇನ ಬೆಂಕಿಗೆ ಹಿಡಿದು ಬಾಡಿಸ್ತಿದ್ರು, ನಾನು ಪಕ್ಕದಲ್ಲಿ ಕೂತು ತಿನ್ನೋದು ಮಾತ್ರ ಕಲಿತೆ. ಈಗ ರೆಡಿಮೇಡ್ ಮೂಡೆ ತರ್ತೀನಿ, ನಾಚಿಕೆ ಇಲ್ಲದೆ.

ಹಾಗಾಗಿ ಆ ಮೊಮ್ಮಕ್ಕಳನ್ನ ಬೈಯೋ ಯೋಗ್ಯತೆ ನಂಗಿಲ್ಲ. ಮನೇಲಿ ಒಂದು ಮದುವೆ ಬರಲಿ, ರಜೆಗೆ ಕಸಿನ್ಸ್ ಎಲ್ಲ ಸೇರಲಿ, ಎಲೆ ಸೀಳೋಕೆ ಅಜ್ಜಿಗೆ ಕೈ ಸಾಲದೇ ಇರಲಿ, ಆವಾಗ ನೋಡಿ.

ಅಂದಹಾಗೆ ಕೆಸುವಿನೆಲೇಲಿ ತೆಂಗಿನಹಾಲು ಸುತ್ತಿ ಬಿಸಿ ಕಲ್ಲಲ್ಲಿ ಬೇಯಿಸಿದ್ದು ತಿಂದ್ರಾ? ಅದು ಪಾಲುಸಾಮಿ, ಪತ್ರೊಡೆಯ ದೂರದ ನೆಂಟ. ಮುಂದಿನ ಸಲ ನೀವು ಪತ್ರೊಡೆ ಮಾಡ್ಕೊಂಡು ಹೋಗಿ, ಆ ಚಾಪೆ ಯಾವ ಮನೆಯಿಂದ, ಯಾರ ಮದುವೇಲಿ ಬಂತು ಅಂತ ಅಜ್ಜೀನ ಕೇಳಿ ಬರೆದು ಕಳಿಸಿ, ಒಂದು ಪುಟ ಖಾಲಿ ಇಟ್ಟಿರ್ತೀನಿ.

- ಸಂ.